ಎಡಗಿವಿಯ ಪಕ್ಕದ ಕುರ್ಚಿ

ಭಾನುವಾರ ಬೆಳಿಗ್ಗೆ, ಮರುದಿನದ ಪೂಜೆಗೆಂದು ಬತ್ತಿ ಹೊಸೆಯುತ್ತಿದ್ದೆ. ಡಲ್ಲಾಸ್ ಪಕ್ಕದ ಫ್ರಿಸ್ಕೋದ ನಮ್ಮ ಅಡುಗೆಮನೆಗೆ ಆ ಹೊತ್ತಿಗೆ ಒಳ್ಳೆಯ ಬಿಸಿಲು ಬರುತ್ತದೆ. ಹತ್ತಿಯಲ್ಲಿ ಕೂದಲೆಳೆಯಷ್ಟು ಕಸವಿದ್ದರೂ ಕಾಣುತ್ತದೆ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದರೆ ಎಳೆ ಬಿಗಿಯಾಗಿ ಕೂಡುತ್ತದೆ ಎಂಬುದು ನಮ್ಮ ಅತ್ತೆಯವರು ಕಲಿಸಿದ್ದು. ಹಾಗಾಗಿ ಫೋನು ಬಂದಾಗ ಕೈಯೆಲ್ಲ ಬೂದಿ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

ಹ್ಯೂಸ್ಟನ್ನಿನಿಂದ ಮಗಳು. "ಅಮ್ಮ, ಹೆದರಬ್ಯಾಡ. ನಾನು ಆರಾಮ ಇದೀನಿ."

ಹೆದರಬೇಡ ಎಂದು ಶುರುವಾದ ಫೋನಿಗೆ ಹೆದರದೆ ಇರುವುದು ಹೇಗೆ?

"ಸರ್‌ಗೆ ಕಿವಿ ಕೇಳಿಸ್ತಾ ಇಲ್ಲ. ಶುಕ್ರವಾರದಿಂದ."

"ಯಾವ ಕಿವಿ?"

"ರೈಟ್."

ನನ್ನ ಕೈಯಲ್ಲಿದ್ದ ಬತ್ತಿ ಬಿಚ್ಚಿಕೊಂಡಿತು. ಯಾವ ಕಿವಿ ಎಂದು ನಾನು ಸುಮ್ಮನೆ ಕೇಳಿರಲಿಲ್ಲ. ಆ ಮನುಷ್ಯರಿಗೆ ಬಲಗಿವಿ ಏನು ಮಾಡುತ್ತದೆ ಎಂಬುದು ನಾಲ್ಕು ದಿನ ಹಿಂದಷ್ಟೇ ಇದೇ ಮೇಜಿನ ಮುಂದೆ ನನಗೆ ತಿಳಿದಿತ್ತು.

ನನ್ನ ಮಗಳು ವಾರವಿಡೀ ಇಲ್ಲೇ ಹತ್ತಿರದ ಲಾಸ್ ಕೊಲಿನಾಸಿನ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾಳೆ. ಶನಿವಾರ ಭಾನುವಾರ ಬಂದರೆ ಡಿಜೆ. ಮದುವೆ ಮನೆಗಳಿಗಲ್ಲ, ಮಾತಿಲ್ಲದೆ ಬರೀ ತಾಳದ ಮೇಲೆ ಗಂಟೆಗಟ್ಟಲೆ ಜನ ಕುಣಿಯುತ್ತಾರಲ್ಲ, ಅಂಥ ಸಂಗೀತಕ್ಕೆ. ಅದನ್ನು ಅವಳು ಕಲಿತದ್ದು ಇಟಲಿಯವರೊಬ್ಬರಿಂದ. ತಾನು ಮಾಡಿದ ಹಾಡೊಂದನ್ನು ಅವರಿಗೆ ಕಳಿಸಿದ್ದಳಂತೆ. ಬಹಳ ತಿಂಗಳ ಮೇಲೆ ಉತ್ತರ ಬಂತು: ಚೆನ್ನಾಗಿದೆ, ಆದರೆ ಎಲ್ಲ ಹೇಳಿಬಿಟ್ಟಿದ್ದೀ, ಅರ್ಧ ತೆಗೆದುಹಾಕು. ಅಂದಿನಿಂದ ವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಪಾಠ. ಅವಳು ಸರ್ ಎನ್ನುವುದು ಅವರನ್ನೇ; ನಮ್ಮ ಯಜಮಾನರು 'ನಿನ್ನ ಗುರುಗಳು' ಎಂದೇ ಕರೆಯುವುದು.

ಗುರುಗಳು ನಮ್ಮ ಯಜಮಾನರ ವಯಸ್ಸಿನವರೇ. ಸಮುದ್ರದಂಡೆಯ ಸಣ್ಣ ಊರಿನವರು. ಹಗಲು ನೆಲಕ್ಕೆ ಹಾಸುವ ಟೈಲ್ಸಿನ ಕಾರ್ಖಾನೆಯಲ್ಲಿ ಕೆಲಸ, ಬೇಸಿಗೆಯಲ್ಲಿ ಪ್ರವಾಸಿಗರು ಬರುವ ಕುಣಿತದ ಮನೆಗಳಲ್ಲಿ ರೆಕಾರ್ಡು ಹಾಕುವುದು, ಹೀಗೆ ಶುರುವಾದದ್ದು. ಗೆಳೆಯನಿಂದ ಎರವಲು ತಂದ ಕೀಬೋರ್ಡಿನಲ್ಲಿ ಮಲಗುವ ಕೋಣೆಯಲ್ಲಿ ಕೂತು ಒಂದು ಹಾಡು ಕಟ್ಟಿದರು. ಆ ಬೇಸಿಗೆಯಲ್ಲಿ ಯುರೋಪಿನಲ್ಲೆಲ್ಲ ಅದೇ ಹಾಡು. ಕಾರ್ಖಾನೆ ಬಿಟ್ಟರು, ಊರೂರು ತಿರುಗಿದರು. ಆಮೇಲೆ ಎಲ್ಲಿ ಹೋದರೂ ಜನ ಅದೊಂದನ್ನೇ ಕೇಳತೊಡಗಿದರು; ಬೇರೆ ಏನು ಹಾಕಿದರೂ ಮುಖ ಸಣ್ಣದು ಮಾಡುತ್ತಿದ್ದರು. ಕಡೆಗೆ ಕರೆಯುವುದನ್ನೇ ಬಿಟ್ಟರು. ಅವರು ಮನೆಯಲ್ಲಿ ಕೂತು ಬೇರೆಯವರ ಹಾಡುಗಳನ್ನು ತಿದ್ದಿಕೊಡುವ ಕೆಲಸ ಮಾಡಿದರು. ಈಗ ಎರಡು ವರ್ಷದ ಕೆಳಗೆ ಆ ಹಳೆಯ ಹಾಡು ಹುಡುಗರ ಫೋನುಗಳಲ್ಲಿ ಮತ್ತೆ ಎದ್ದು ಬಂತು. ಅದರ ಬೆನ್ನಿಗೇ ಅಮೆರಿಕದಿಂದ ಕರೆ. ಹ್ಯೂಸ್ಟನ್, ಆಸ್ಟಿನ್, ಕೊನೆಗೆ ಡಲ್ಲಾಸ್. ಮಗಳು ರಜೆ ಹಾಕಿದಳು. ಕಾರು ಓಡಿಸುವುದು ಅವಳೇ, ಅವರಿಗಿಂತ ಮೊದಲು ಒಂದಿಷ್ಟು ಹೊತ್ತು ಹಾಡು ಹಾಕುವುದೂ ಅವಳೇ.

ಬುಧವಾರ ಊಟಕ್ಕೆ ಬಂದಿದ್ದರು. ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದರು. ಕೊರಳಲ್ಲಿ ಮೇರಿಯಮ್ಮನ ಸಣ್ಣ ಪದಕ. ಜೋಳದ ರೊಟ್ಟಿಯನ್ನು ಸುರುಳಿ ಸುತ್ತಿ ತಿನ್ನುವುದನ್ನು ನೋಡಿ ಯಜಮಾನರು ನಕ್ಕು, ಮುರಿದು ತಿನ್ನುವುದನ್ನು ತೋರಿಸಿಕೊಟ್ಟರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ, ನಿಮ್ಮ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿದೆ. ಅವರು ಎರಡು ಕೈಯನ್ನೂ ಕಿವಿಗಿಟ್ಟು ತೋರಿಸಿದರು. ಎಡಗಿವಿ ಹೊರಗೆ, ಈಗ ಜನ ಕುಣಿಯುತ್ತಿರುವ ಹಾಡಿಗೆ. ಬಲಗಿವಿ ಹೆಡ್‌ಫೋನಿಗೆ, ಅಲ್ಲಿ ಮುಂದಿನ ಹಾಡು ಕಾಯುತ್ತಿರುತ್ತದೆ. ಎರಡೂ ತಾಳ ಒಂದಾದಾಗ, ಮೊದಲಿನದು ಇನ್ನೂ ಇರುವಾಗಲೇ ಎರಡನೆಯದನ್ನು ಒಳಗೆ ತರಬೇಕು. ಯಾರಿಗೂ ಗೊತ್ತಾಗಬಾರದು.

"ನಮ್ಮ ಶ್ರಾವಣದ ದೀಪ ಇದ್ದಂಗ," ಎಂದೆ ನಾನು. ತಿಂಗಳಿಡೀ ಆರಬಾರದ ದೀಪ. ಹಳೆಯ ಬತ್ತಿ ಸಣ್ಣದಾಗುವಾಗ ಹೊಸದನ್ನು ಪಕ್ಕದಲ್ಲಿಟ್ಟು ಅದರಿಂದಲೇ ಹೊತ್ತಿಸಿ, ಆಮೇಲೆ ಹಳೆಯದನ್ನು ತೆಗೆಯುತ್ತೇವೆ. ಮಗಳು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವರು ಎದ್ದು ಹೋಗಿ ದೇವರ ಗೂಡಿನ ಮುಂದೆ ನಿಂತು ನೋಡಿ ಬಂದರು.

ಅಂಥವರ ಬಲಗಿವಿ. ಮುಂದಿನದನ್ನು ಕೇಳುವ ಕಿವಿ.

ಫೋನಿನಲ್ಲಿ ಮಗಳು ಹೇಳುತ್ತಿದ್ದಳು. ಶುಕ್ರವಾರ ಏಳುವಾಗಲೇ ಕಿವಿ ಕಟ್ಟಿದಂತಾಗಿತ್ತಂತೆ. ವಿಮಾನದಲ್ಲಿ ಬಂದದ್ದಕ್ಕೆ ಇರಬೇಕು, ಇಲ್ಲವೇ ಗುಗ್ಗೆ ಅಂದುಕೊಂಡರು. "ನೀನು ಬ್ಯಾಗಿನಾಗ ಇಟ್ಟಿದ್ದಿ ಅಲ್ಲ, ಬಳ್ಳೊಳ್ಳಿ ಎಣ್ಣಿ. ಅದನ್ನ ಬೆಚ್ಚಗ ಮಾಡಿ ಹಾಕಿದೆ, ಅಮ್ಮ. ಸ್ವಲ್ಪ ಆರಾಮ ಅನಸ್ತದ ಅಂದ್ರು. ರಾತ್ರಿ ಶೋ ಮಾಡಿದ್ರು. ನಿನ್ನೆನೂ ಹಾಕಿದೆ. ಇವತ್ತು ಏನೂ ಕೇಳಿಸ್ತಿಲ್ಲ ಅಂದಾಗ ಎಮರ್ಜೆನ್ಸಿಗೆ ಕರ್ಕೊಂಡ್ ಹೋದೆ. ಗುಗ್ಗಿ ಅಲ್ಲ ಅಂತ. ನರ್ವ್. ಮೊದಲನೇ ದಿನಾನೇ ಬರಬೇಕಿತ್ತು ಅಂದ್ರು ಡಾಕ್ಟರ್."

"ಈಗ?"

"ಮಾತ್ರೆ ಶುರು ಮಾಡ್ಯಾರ. ನಾಳೆ ಇಂಜೆಕ್ಷನ್, ಕಿವಿ ಒಳಗೇ. ಕೇಳಿಸ್ತದೋ ಇಲ್ಲೋ ಈಗಲೇ ಹೇಳಾಕ ಬರೂದಿಲ್ಲ ಅಂದ್ರು. ದೊಡ್ಡ ಸೌಂಡಿಗೆ ಹೋಗಬಾರದು." ಅವಳು ದನಿ ತಗ್ಗಿಸಿದಳು. "ಆದ್ರ ಅವ್ರು ಶನಿವಾರ ಆಸ್ಟಿನ್ ಮಾಡೇ ಮಾಡ್ತೀನಿ ಅಂತಾರ."

ಆ ಎಣ್ಣೆಯನ್ನು ನಾನೇ ಕಾಯಿಸಿದ್ದೆ. ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುವವರೆಗೆ. ಮಗಳು ಎಲ್ಲಿಗೆ ಹೊರಟರೂ ಅವಳ ಬ್ಯಾಗಿನಲ್ಲಿ ಆ ಸಣ್ಣ ಬಾಟಲಿ, ಅಮೃತಾಂಜನದಂತೆ. ನನ್ನ ಮೂವರು ಮಕ್ಕಳ ಕಿವಿಗೂ ಅದನ್ನೇ ಹಾಕಿ ಬೆಳೆಸಿದ್ದೇನೆ. ಅದರ ಮೇಲಿನ ಭರವಸೆಯಲ್ಲಿ ಎರಡು ದಿನ ಕಳೆದುಹೋಗಿದ್ದವು.

ಯಜಮಾನರು ಹಿತ್ತಲಿನಿಂದ ಬಂದವರು ಎಲ್ಲ ಕೇಳಿಸಿಕೊಂಡು ನಿಂತಿದ್ದರು. "ಬತ್ತಿ ಇರಲಿ. ಬುತ್ತಿ ಕಟ್ಟು, ಹೋಗೂಣು," ಎಂದರು. ಕಾರು ಹತ್ತಿದ ಮೇಲೆ ನನ್ನ ಮುಖ ನೋಡಿ, "ನಿನ್ನ ಬಳ್ಳೊಳ್ಳಿ ಎಣ್ಣಿ ಇಟಲಿ ತನಕ ಹೆಸರು ಮಾಡಿಬಿಡ್ತು," ಎಂದರು.

"ನಗಸಬ್ಯಾಡ್ರಿ."

"ನಗಸಾಕತ್ತಿಲ್ಲ. ಅಳಬ್ಯಾಡ ಅನ್ನಾಕತ್ತೀನಿ."

ಹ್ಯೂಸ್ಟನ್ನಿನ ದಾರಿ ಉದ್ದಕ್ಕೂ ನೆಟ್ಟಗಿದೆ, ನೋಡಲು ಏನೂ ಇಲ್ಲ. ಅಂಥ ದಾರಿಯಲ್ಲಿ ಚಿಂತೆ ತಾನೇ ಗಾಡಿ ಓಡಿಸುತ್ತದೆ. ನಾನು ಒಳ್ಳೆಯದನ್ನು ಎಣಿಸತೊಡಗಿದೆ, ಅದು ನನ್ನ ರೂಢಿ. ಟ್ರಾಫಿಕ್ ಇಲ್ಲ, ಅದೊಂದು. ಮಗಳ ಕಿವಿ ನೆಟ್ಟಗಿವೆ. ಭಾನುವಾರವೂ ಕಿವಿಯ ಡಾಕ್ಟರರು ಸಿಕ್ಕರು. ಎಣಿಸುತ್ತ ಎಣಿಸುತ್ತ ನಡುವೆ ಬಾಟಲಿ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ.

ಅವರು ಹೋಟೆಲಿನ ಲಾಬಿಯಲ್ಲಿ ಕೂತಿದ್ದರು, ಕಿವಿಗೆ ಹತ್ತಿ. ನಾನು ಬಲಗಡೆಯಿಂದ ಹೋಗಿ ಮಾತನಾಡಿಸಿದೆ. ಅವರು ಎಡಕ್ಕೆ ತಿರುಗಿ ಹುಡುಕಿದರು. ಅಲ್ಲಿ ಯಾರೂ ಇರಲಿಲ್ಲ. ಇನ್ನೊಮ್ಮೆ ಕರೆದೆ, ಇನ್ನಷ್ಟು ಎಡಕ್ಕೆ ತಿರುಗಿದರು. ಒಂದೇ ಕಿವಿಯಾದರೆ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ ಎಂಬುದು ನನಗೆ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ನಾನು ಸುತ್ತು ಹಾಕಿ ಬಂದು ಎಡಗಡೆಯ ಕುರ್ಚಿಯಲ್ಲಿ ಕೂತೆ. ಅಂದಿನಿಂದ ಅವರ ಜೊತೆ ಕೂತಾಗಲೆಲ್ಲ ಅದೇ ನನ್ನ ಜಾಗವಾಯಿತು.

ಎಣ್ಣೆಯ ಮಾತನ್ನು ನಾನೇ ತೆಗೆದೆ. ಅವರು ಕೈ ಅಡ್ಡ ಆಡಿಸಿದರು.

"ಸಿನ್ಯೋರಾ, ನಾನೇ ಕೇಳಿ ಹಾಕಿಸಿಕೊಂಡದ್ದು. ನಮ್ಮಜ್ಜಿಯೂ ಬೆಳ್ಳುಳ್ಳಿ ಹಾಕಿಯೇ ಎಣ್ಣೆ ಕಾಯಿಸುತ್ತಿದ್ದಳು. ನಿಮ್ಮ ಮಗಳು ಮುಚ್ಚಳ ತೆಗೆದಳು, ಆ ವಾಸನೆಗೆ ನಾನು ಮತ್ತೆ ಆರು ವರ್ಷದ ಹುಡುಗನಾದೆ." ಆಮೇಲೆ ಮೆಲ್ಲಗೆ ಸೇರಿಸಿದರು, "ಡಾಕ್ಟರರ ಹತ್ತಿರ ಹೋದರೆ ಅದು ಕಾಯಿಲೆ. ಎಣ್ಣೆ ಹಾಕಿಸಿಕೊಂಡರೆ ಬರೀ ಕಿವಿನೋವು. ನನಗೆ ಕಿವಿನೋವೇ ಬೇಕಾಗಿತ್ತು."

ಸಮಾಧಾನಕ್ಕೆ ಹೇಳಿದ್ದಿರಬಹುದು. ಆದರೂ ಒಳ್ಳೆಯದರ ಲೆಕ್ಕದಲ್ಲಿ ಅದನ್ನೂ ಎಣಿಸಿಕೊಂಡೆ.

ಬುತ್ತಿ ಬಿಚ್ಚಿ ಮೊಸರನ್ನ ಕೊಟ್ಟೆ. ತಿನ್ನುತ್ತಲೇ ಅವರು ಆಸ್ಟಿನ್ನಿನ ಮಾತಿಗೆ ಬಂದರು. ಶನಿವಾರ ಮಧ್ಯಾಹ್ನ, ಬಯಲಿನಲ್ಲಿ ಕಾರ್ಯಕ್ರಮ. ಹೋಗಲೇಬೇಕು.

ಯಜಮಾನರು ಕೇಳಿಯೇಬಿಟ್ಟರು. "ಒಂದು ಶನಿವಾರಕ್ಕೆ ಒಂದು ಕಿವಿ ಕೊಡುತ್ತೀರಾ?"

"ಒಂದು ಶನಿವಾರ ಅಲ್ಲ. ಈ ಸಲ ಬರಲಿಲ್ಲ ಅಂದರೆ ಮುಂದಿನ ಸಲ ಎಂಬುದಿಲ್ಲ. ಇಷ್ಟು ವರ್ಷ ಆದಮೇಲೆ ಕರೆದಿದ್ದಾರೆ. ನನ್ನ ವಯಸ್ಸಿನವನಿಗೆ ಕಾಯಿಲೆ ಅಂತ ಒಮ್ಮೆ ಸುದ್ದಿಯಾದರೆ ಮುಗಿಯಿತು."

"ಡಾಕ್ಟರ್ ಬೇಡ ಅಂದಿದ್ದಾರೆ," ಎಂದಳು ಮಗಳು. ಆಗಲೇ ಹಲವು ಸಲ ಹೇಳಿ ಸೋತ ದನಿ. ಅವಳ ಕಣ್ಣು ಕೆಂಪಗಿತ್ತು.

ನನಗೆ ಅವರ ಸಂಗೀತ ತಿಳಿಯದು. ನಿಜ ಹೇಳಬೇಕೆಂದರೆ ಮಿಕ್ಸರಿನ ಸದ್ದಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಂಡಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಕಾಯಕವೆಂದರೆ ಪೂಜೆಗಿಂತ ಒಂದು ತೂಕ ಹೆಚ್ಚು. ಕೆಲಸ ನಿಲ್ಲಿಸು ಎಂದು ಒಬ್ಬ ಮನುಷ್ಯನಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಬುಧವಾರದ ಮಾತನ್ನು ಎತ್ತಿದೆ. "ಒಂದು ಹಾಡು ಇರುವಾಗಲೇ ಇನ್ನೊಂದನ್ನು ಒಳಗೆ ತರಬೇಕು ಅಂದಿರಿ. ಅದು ಹಾಡಿಗೆ ಮಾತ್ರವಾ?"

ಅವರು ಚಮಚವನ್ನು ಬಟ್ಟಲಿನಲ್ಲಿಟ್ಟು ಮಗಳ ಕಡೆ ನೋಡಿದರು. ಅವಳು ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದಳು.

"ಅಮ್ಮ, ಪ್ಲೀಸ್. ಜನ ನನ್ನ ನೋಡಾಕ ಬರೂದಿಲ್ಲ."

"ನನ್ನನ್ನೂ ನೋಡಲು ಬರುವುದಿಲ್ಲ," ಎಂದರು ಅವರು. "ಒಂದು ಹಾಡು ಕೇಳಲು ಬರುತ್ತಾರೆ." ಮೊಸರನ್ನ ಅರ್ಧಕ್ಕೇ ನಿಂತಿತು.

ಸೋಮವಾರ ಅವರಿಗೆ ಇಂಜೆಕ್ಷನ್ ಆಗುವ ಹೊತ್ತಿಗೆ ನಾವಿಬ್ಬರು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಅಮ್ಮನವರ ಗುಡಿಗೆ ಹೋದೆವು. ಅಂಗೈಯಲ್ಲಿ ಲಿಂಗ ಇರುವವರಿಗೆ ಗುಡಿ ಯಾತಕ್ಕೆ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದರು. ಹೆದರಿದ ದಿನ ನಾನು ಎರಡೂ ಕಡೆ ಕೇಳುತ್ತೇನೆ. ಪೂರ್ತಿ ಕಿವಿ ಕೊಡು ಎನ್ನಲು ನಾಚಿಕೆಯಾಗಿ, ಎಷ್ಟು ಬೇಕೋ ಅಷ್ಟು ಕೊಡು ತಾಯಿ ಎಂದು ಹೊರಗೆ ಬಂದೆ. ಚಪ್ಪಲಿ ಹಾಕಿಕೊಳ್ಳುವಾಗ ಸಂಶಯ ಹತ್ತಿತು: ಎಷ್ಟು ಬೇಕೆಂದು ಅವಳು ತನ್ನ ಲೆಕ್ಕದಲ್ಲಿ ಹಿಡಿದುಬಿಟ್ಟರೆ? ಮತ್ತೆ ಒಳಗೆ ಹೋಗಿ, ಪೂರ್ತಿಯೇ ಕೊಡು ಎಂದು ತಿದ್ದಿ ಬಂದೆ. ಯಜಮಾನರು ಏನಾಯಿತೆಂದು ಕೇಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದುದಕ್ಕೆ ಅಷ್ಟು ತಿಳಿಯುತ್ತದೆ.

ಅಂದೇ ನಾವಿಬ್ಬರು ಫ್ರಿಸ್ಕೋಗೆ ಮರಳಿದೆವು. ಆ ವಾರ ಕಿವಿಯಲ್ಲಿ ಏನೂ ಬದಲಾಗಲಿಲ್ಲ. ಮಗಳು ದಿನಾ ಫೋನು ಮಾಡುತ್ತಿದ್ದಳು. ನಾನು ದಿನಾ ಅದನ್ನೇ ಕೇಳುತ್ತಿದ್ದೆ. ಗುರುವಾರ ಅವಳು ಹೇಳಿದಳು. ಡಲ್ಲಾಸಿನದನ್ನು ಅವರೇ ಕೈಬಿಟ್ಟರಂತೆ. ಆಸ್ಟಿನ್ನಿನಲ್ಲಿ ಮೊದಲ ಹಾಡು ಮಾತ್ರ ಅವರದು, ಕಿವಿಗೆ ಭದ್ರವಾಗಿ ಮುಚ್ಚಳ ಹಾಕಿಕೊಂಡು. ಉಳಿದದ್ದೆಲ್ಲ ಅವಳದು.

"ನಿನಗ ಹೆದರಿಕಿ ಆಗೇತೇನ?" ಎಂದೆ.

"ಆಗೇತಿ. ನೀವು ಬರ್ರಿ."

ಶನಿವಾರ ಆಸ್ಟಿನ್ನಿನ ಬಯಲಿನಲ್ಲಿ ಎಲ್ಲ ಬಗೆಯ ಜನ. ಬಿಯರಿನ ವಾಸನೆ, ಧೂಳು, ಹಗ್ಗ ಕಟ್ಟಿದ ನಾಯಿಗಳು. ಹೆಚ್ಚಿನವರು ಮಗಳಿಗಿಂತ ಚಿಕ್ಕವರು. ಎಲ್ಲರ ಬಟ್ಟೆಯನ್ನೂ ನೋಡುವ ಧೈರ್ಯ ನನಗಾಗಲಿಲ್ಲ. ಯಜಮಾನರು ವೇದಿಕೆಯ ಹತ್ತಿರ ನಿಂತರು. ನಾನು ಬಹಳ ಹಿಂದೆ, ಓಕ್ ಮರದ ಕೆಳಗೆ ಒಂದು ಮರದ ಬೆಂಚು ಹಿಡಿದೆ. ಮರದ ತುಂಬ ಗಲಾಟೆ ಮಾಡುವ ಕರಿಹಕ್ಕಿಗಳು.

ಇಟಲಿಯವರು ವೇದಿಕೆ ಹತ್ತಿದಾಗ ಜನ ಕೂಗಿದರು. ಅವರು ಕೊರಳಿನ ಪದಕವನ್ನು ತುಟಿಗೆ ಮುಟ್ಟಿಸಿದರು. ಕಿವಿಗೆ ದೊಡ್ಡ ಮುಚ್ಚಳಗಳಿದ್ದವು, ರಸ್ತೆ ಅಗೆಯುವವರು ಹಾಕಿಕೊಳ್ಳುವಂಥವು. ಹಾಡು ಶುರುವಾಯಿತು. ಅದು ನಡೆಯುತ್ತಿರುವಾಗಲೇ ಮಗಳು ಬಂದು ಪಕ್ಕದಲ್ಲಿ ನಿಂತಳು. ಅವರು ಹೆಡ್‌ಫೋನು ಎತ್ತಿ ಅವಳ ಬಲಗಿವಿಗೆ ತಾವೇ ಇಟ್ಟರು, ಮೈಕಿನಲ್ಲಿ ಅವಳ ಹೆಸರು ಹೇಳಿದರು, ಇಳಿದು ಬಂದುಬಿಟ್ಟರು. ಹಾಡು ನಿಲ್ಲಲಿಲ್ಲ.

ಅವರು ಬಂದು ಬೆಂಚಿನ ಮೇಲೆ ಕೂತರು. ನಾನು ಎಡಗಡೆಯಲ್ಲೇ ಇದ್ದೆ. ಮುಂದೆ ಕೆಲವರು ಅವರ ಹೆಸರು ಹಿಡಿದು ಕೂಗುತ್ತಿದ್ದರು, ಇವಳು ಬೇಡ ಎಂಬಂಥ ಕೂಗು. ಒಂದು ಗುಂಪು ಎದ್ದು ಗೇಟಿನ ಕಡೆ ಹೊರಟಿತು. ಮಗಳು ತಲೆ ಎತ್ತಿ ನೋಡಿದ್ದು ಇಲ್ಲಿಂದಲೇ ಕಂಡಿತು. ಅದೇ ಗಳಿಗೆಗೆ ಎರಡು ಹಾಡುಗಳು ಒಂದಕ್ಕೊಂದು ಬಡಿದವು. ಮುಸುರೆ ತೊಟ್ಟಿಯಲ್ಲಿ ಪಾತ್ರೆ ಬಿದ್ದಂತೆ. ನನಗೇ ಗೊತ್ತಾಯಿತೆಂದರೆ ಎಲ್ಲರಿಗೂ ಗೊತ್ತಾಗಿರಬೇಕು. ನಾನು ಸೆರಗಿನೊಳಗೆ ಲಿಂಗದ ಕರಡಿಗೆಯನ್ನು ಹಿಡಿದುಕೊಂಡೆ.

ಅವರು ಕಣ್ಣು ಮುಚ್ಚಿ ಬೆಂಚಿನ ಹಲಗೆಗೆ ಅಂಗೈ ಊರಿದ್ದರು. ತಾಳ ಹಲಗೆಯಲ್ಲಿ ಬರುತ್ತಿತ್ತು. ನಾನೂ ಕೈ ಇಟ್ಟು ನೋಡಿದೆ. ಒಂದರ ಹಿಂದೆ ಒಂದು ತಪ್ಪುತಪ್ಪಾಗಿ ಬಡಿಯುತ್ತಿದ್ದದ್ದು ನಿಧಾನಕ್ಕೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಒಂದೇ ಆಯಿತು.

"ಅದು ನನಗೂ ಆಗುತ್ತದೆ," ಎಂದರು ಅವರು, ಕಣ್ಣು ತೆರೆಯದೆ. ಆಮೇಲೆ ತಿದ್ದಿಕೊಂಡು, "ಆಗುತ್ತಿತ್ತು," ಎಂದರು.

ಹೋದ ಗುಂಪಿನಲ್ಲಿ ಕೆಲವರು ತಿರುಗಿ ಬಂದರು, ಎಲ್ಲರೂ ಅಲ್ಲ. ಅವರ ಹಳೆಯ ಹಾಡನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು, ಅರ್ಧ ತೆಗೆದುಹಾಕಿ. ಜನಕ್ಕೆ ಅದು ಯಾವುದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವರೆಲ್ಲ ಒಟ್ಟಿಗೆ ಅದರ ರಾಗ ಹಾಡಿದರು. ಇಟಲಿಯವರು ಮೂಗು ಒರೆಸಿಕೊಂಡರು. ನಾನು ಹಕ್ಕಿಗಳನ್ನು ನೋಡುತ್ತ ಕೂತೆ.

ಮರುವಾರ ಎರಡನೆಯ ಇಂಜೆಕ್ಷನ್ ಆಯಿತು, ಪರೀಕ್ಷೆಯೂ ಆಯಿತು. ದಪ್ಪ ದನಿಗಳು ಒಂದಿಷ್ಟು ತಿರುಗಿ ಬಂದಿವೆ, ಸಣ್ಣವು ಬಂದಿಲ್ಲ. ಬಂದರೆ ಇನ್ನು ಕೆಲವು ವಾರದಲ್ಲಿ ಬರಬೇಕು, ಇಲ್ಲದಿದ್ದರೆ ಇಷ್ಟೇ, ಎಂದರು ಡಾಕ್ಟರು. ಎರಡು ದಿನ ಮೊದಲೇ ಬಂದಿದ್ದರೆ ಹೆಚ್ಚು ಬರುತ್ತಿತ್ತೇ ಎಂದು ಮಗಳು ಕೇಳಿದಳಂತೆ. ಯಾರಿಂದಲೂ ಹೇಳಲಾಗದು ಎಂದರಂತೆ. ಆ ಉತ್ತರವನ್ನು ಯಾವ ಕಡೆಗೆ ಎಣಿಸಿಕೊಳ್ಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ವಿಮಾನ ಹತ್ತುವ ಮೊದಲು ಅವರು ಫ್ರಿಸ್ಕೋಗೆ ಊಟಕ್ಕೆ ಬಂದರು. ಅದೇ ಕುರ್ಚಿ. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಯಜಮಾನರು ಕೇಳಿದರು. ಹಾಡು ಕಟ್ಟುವುದನ್ನು ಬಿಡುವುದಿಲ್ಲ, ವೇದಿಕೆಯ ಮಾತು ಕಿವಿ ಹೇಳಬೇಕು ಎಂದರು. ವಾರದ ಪಾಠ ಮಾತ್ರ ತಪ್ಪುವುದಿಲ್ಲವಂತೆ.

ನಾನು ಒಲೆಯ ಮುಂದೆ, ಅವರ ಬಲಗಡೆ ಸ್ವಲ್ಪ ಹಿಂದೆ ಇದ್ದೆ. ಪರೀಕ್ಷೆ ಮಾಡಬೇಕೆಂದಲ್ಲ, ದೇವರಾಣೆ. ರೊಟ್ಟಿ ಬಡಿಯತೊಡಗಿದೆ ಅಷ್ಟೆ, ಧಪ್ ಧಪ್ ಎಂದು. ಅವರು ಮಾತು ನಿಲ್ಲಿಸಿದರು. ತಲೆ ಮೊದಲು ಎಡಕ್ಕೆ ಸರಿಯಿತು. ನನ್ನ ಕೈ ನಿಲ್ಲುವುದರಲ್ಲಿತ್ತು. ಆಮೇಲೆ ಅವರ ತಲೆ ತಾನೇ ತಡೆದು, ನಿಧಾನಕ್ಕೆ, ಅನುಮಾನಿಸುತ್ತ ಬಲಕ್ಕೆ ಬಂತು. ಪೂರ್ತಿ ನನ್ನವರೆಗೆ ಬರಲಿಲ್ಲ. ಫ್ರಿಜ್ಜಿನವರೆಗೆ ಬಂತು.

"ಅಲ್ಲಿ?" ಎಂದರು.

"ಇನ್ನೊಂಚೂರು ಈ ಕಡೆ," ಎಂದೆ. ಕೈ ನಿಲ್ಲಿಸಲಿಲ್ಲ.

ಅವರನ್ನು ವಿಮಾನಕ್ಕೆ ಬಿಡಲು ಅಪ್ಪ ಮಗಳು ಹೋದ ಮೇಲೆ ಮನೆ ಬಿಕೋ ಎಂದಿತು. ಮಗಳು ಆ ಬಾಟಲಿಯನ್ನು ತಂದು ಸಿಂಕಿನ ಪಕ್ಕದಲ್ಲಿಟ್ಟಿದ್ದಳು. ಅದನ್ನು ಸೋಪು ಹಾಕಿ ತೊಳೆದು ಬೋರಲು ಇಟ್ಟೆ. ಎಣ್ಣೆಗೆಂದು ತಂದಿದ್ದ ಬೆಳ್ಳುಳ್ಳಿ ಬುಟ್ಟಿಯಲ್ಲಿ ಮೊಳಕೆಯೊಡೆಯುತ್ತಿತ್ತು. ಸುಲಿದು, ಹುರಿದ ಶೇಂಗಾದ ಜೊತೆ ಒರಳಿಗೆ ಹಾಕಿ, ಖಾರ ಉಪ್ಪು ಉದುರಿಸಿ, ಚಟ್ನಿಪುಡಿ ಕುಟ್ಟಲು ಕೂತೆ.